ಸಿಂಹಾಸನದಿಂದ ಕುರ್ಚಿಗೆ

ಕುಳಿತುಕೊಳ್ಳುವುದು ಮಾನವನಿಗೆ ಸಹಜವಾದ ಕ್ರಿಯೆ. ದಣಿದು ಬಂದ ದಾರಿಹೋಕನಿಗೆ ಬಂಡೆಯೂ ಪೀಠವಾಗುತ್ತದೆ, ಆಲದ ಬೇರೂ ಪೀಠವಾಗುತ್ತದೆ. ಆದರೆ ಯಾರು ಎತ್ತರದಲ್ಲಿ ಕುಳಿತಿರಬೇಕು, ಯಾರು ನೆಲದ ಮೇಲೆ ಕುಳಿತಿರಬೇಕು, ಯಾರು ಯಾರ ಎದುರಿನಲ್ಲಿ ನಿಂತೇ ಇರಬೇಕು ಎಂಬ ಕಟ್ಟಳೆಗಳು ಸಹಜವಾಗಿ ಹುಟ್ಟಿದವಲ್ಲ. ಸಮಾಜವು ಕಾಲಕಾಲಕ್ಕೆ ಮಾಡಿಕೊಂಡವು. ಆದುದರಿಂದ ಕುರ್ಚಿಯ ಇತಿಹಾಸವು ಬಡಗಿಯ ಕೈಚಳಕದ ಇತಿಹಾಸ ಮಾತ್ರವಲ್ಲ. ಮನುಷ್ಯ ಮನುಷ್ಯರ ನಡುವಣ ಅಂತರದ ಇತಿಹಾಸವೂ ಆಗಿದೆ.

ಈ ಮಾತಿಗೆ ಭಾಷೆಯೇ ಸಾಕ್ಷಿ ನುಡಿಯುತ್ತದೆ. ಒಬ್ಬನಿಗೆ ಅಧಿಕಾರ ದೊರೆತರೆ ‘ಕುರ್ಚಿ ಸಿಕ್ಕಿತು’ ಎನ್ನುತ್ತಾರೆ. ಅಧಿಕಾರ ಕಳೆದುಹೋದರೆ ‘ಕುರ್ಚಿ ಹೋಯಿತು’ ಎನ್ನುತ್ತಾರೆ. ಒಬ್ಬರನ್ನು ವಿಶೇಷವಾಗಿ ಆದರಿಸುವುದಕ್ಕೆ ಕನ್ನಡದಲ್ಲಿ ‘ಮಣೆ ಹಾಕುವುದು’ ಎಂದು ಹೆಸರು. ‘ಕುರ್ಚಿ’ ಎಂಬ ಪದವು ಅರಬ್ಬಿ ಭಾಷೆಯ ‘ಕುರ್ಸಿ’ ಎಂಬುದರಿಂದ ಬಂದಿದೆ. ಇಂಗ್ಲಿಷಿನಲ್ಲಿ ಸಭೆಯ ಅಧ್ಯಕ್ಷನನ್ನು ‘ಚೇರ್‌ಮನ್’ ಎಂದು ಕರೆಯುವುದುಂಟು. ಕುರ್ಚಿಯಲ್ಲಿ ಕುಳಿತವನು ಎಂಬುದೇ ಅದರ ಮೂಲಾರ್ಥ. ಸಭೆಯಲ್ಲಿ ಒಬ್ಬನಿಗೆ ಮಾತ್ರ ಕುರ್ಚಿಯಿದ್ದ ಕಾಲದ ನೆನಪು ಆ ಪದದಲ್ಲಿ ಇಂದಿಗೂ ಉಳಿದುಕೊಂಡಿದೆ.

ಪ್ರಾಚೀನ ಪೀಠೋಪಕರಣಗಳ ಅಮೂಲ್ಯ ಮಾದರಿಗಳು ದೊರೆತಿರುವುದು ಈಜಿಪ್ಟ್ ದೇಶದಲ್ಲಿ. ೧೯೨೫ರಲ್ಲಿ ಗೀಜಾದ ಪಿರಮಿಡ್ಡುಗಳ ಸಮೀಪದಲ್ಲಿ ಖುಫು ದೊರೆಯ ತಾಯಿಯಾದ ಹೆಟೆಫೆರಿಸಳ ಗೋರಿಯು ಬೆಳಕಿಗೆ ಬಂದಿತು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯವಾದ ಆಕೆಯ ಕುರ್ಚಿ, ಮಂಚಗಳ ಮರವು ಜೀರ್ಣವಾಗಿಹೋಗಿತ್ತು. ಆದರೆ ಮರಕ್ಕೆ ಹೊದಿಸಿದ್ದ ಚಿನ್ನದ ತಗಡು ಹಾಗೆಯೇ ಉಳಿದಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ವಿದ್ವಾಂಸರು ಆ ಕುರ್ಚಿಯ ರೂಪವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಇದಕ್ಕೆ ಮೂರು ವರ್ಷ ಮೊದಲು, ೧೯೨೨ರಲ್ಲಿ, ಹೋವರ್ಡ್ ಕಾರ್ಟರ್ ಎಂಬ ಸಂಶೋಧಕನು ತುತಂಖಾಮುನ್ ಎಂಬ ತರುಣ ದೊರೆಯ ಗೋರಿಯನ್ನು ಕಂಡುಹಿಡಿದಿದ್ದನು. ಅಲ್ಲಿ ದೊರೆತ ಚಿನ್ನದ ಸಿಂಹಾಸನವು ಜಗತ್ಪ್ರಸಿದ್ಧವಾಗಿದೆ. ಅದರ ಬೆನ್ನೊರಗಿನ ಮೇಲೆ ರಾಜ ರಾಣಿಯರ ಚಿತ್ರವಿದೆ. ಅವರ ಮೇಲೆ ಸೂರ್ಯಬಿಂಬವು ತನ್ನ ಕಿರಣಗಳನ್ನು ಚೆಲ್ಲುತ್ತಿದೆ. ಪೀಠದ ಮುಂಭಾಗದಲ್ಲಿ ಸಿಂಹದ ತಲೆಗಳಿವೆ. ಕಾಲುಗಳು ಸಿಂಹದ ಪಾದದ ಆಕಾರದಲ್ಲಿವೆ. ಭಾರತೀಯರು ಅರಸನ ಪೀಠವನ್ನು ‘ಸಿಂಹಾಸನ’ವೆಂದು ಕರೆದರಷ್ಟೆ. ದೂರದ ಎರಡು ನಾಡುಗಳ ಜನ ಅರಸೊತ್ತಿಗೆಯನ್ನು ಒಂದೇ ಮೃಗದ ಮೂಲಕ ಸೂಚಿಸಿದುದು ಕುತೂಹಲಕರವಾಗಿದೆ. ಪೀಠದಲ್ಲಿ ಕುಳಿತವನಿಗೆ ಮೃಗರಾಜನ ಬಲವಿದೆಯೆಂದು ನೋಡುವವರಿಗೆ ತೋರಿಸುವುದೇ ಈ ಕೆತ್ತನೆಯ ಉದ್ದೇಶವಾಗಿದ್ದಿತು.

ಗ್ರೀಕರ ಕುರ್ಚಿ ಇದಕ್ಕಿಂತ ಭಿನ್ನವಾದುದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅವರು ‘ಕ್ಲಿಸ್ಮೋಸ್’ ಎಂಬ ಹಗುರವಾದ ಕುರ್ಚಿಯನ್ನು ಬಳಸುತ್ತಿದ್ದರು. ಅದರಲ್ಲಿ ಚಿನ್ನವಿರಲಿಲ್ಲ, ಸಿಂಹವಿರಲಿಲ್ಲ. ಹೊರಮುಖವಾಗಿ ಬಾಗಿದ ನಾಲ್ಕು ಕಾಲುಗಳು, ಭುಜದ ಮಟ್ಟದಲ್ಲಿ ಬೆನ್ನನ್ನು ಬಳಸಿಕೊಳ್ಳುವ ಒಂದು ಅಗಲವಾದ ಹಲಗೆ — ಇಷ್ಟೇ ಅದರ ರಚನೆ. ಮರದ ಕ್ಲಿಸ್ಮೋಸ್ ಒಂದೂ ಈಗ ಉಳಿದಿಲ್ಲ. ಆದರೆ ಮಡಕೆಗಳ ಮೇಲಿನ ಚಿತ್ರಗಳಲ್ಲಿಯೂ ಗೋರಿಕಲ್ಲುಗಳ ಮೇಲಿನ ಉಬ್ಬುಚಿತ್ರಗಳಲ್ಲಿಯೂ ಅದನ್ನು ಕಾಣಬಹುದು. ಅಥೆನ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಹೆಗೆಸೋ ಎಂಬ ಮಹಿಳೆಯ ಗೋರಿಕಲ್ಲಿದೆ. ಅದರಲ್ಲಿ ಆಕೆ ಇಂತಹ ಕುರ್ಚಿಯಲ್ಲಿ ನೆಮ್ಮದಿಯಾಗಿ ಕುಳಿತು, ಪೆಟ್ಟಿಗೆಯಿಂದ ಆಭರಣವೊಂದನ್ನು ಆರಿಸಿಕೊಳ್ಳುತ್ತಿರುವಂತೆ ಚಿತ್ರಿಸಲಾಗಿದೆ. ಆದರೆ ಪೆಟ್ಟಿಗೆಯನ್ನು ಹಿಡಿದ ದಾಸಿ ಮಾತ್ರ ಎದುರಿಗೆ ನಿಂತೇ ಇದ್ದಾಳೆ. ಕುರ್ಚಿ ಸರಳವಾದರೂ ಅದರ ಮೇಲಿನ ಹಕ್ಕು ಎಲ್ಲರದಾಗಿರಲಿಲ್ಲವೆಂಬುದು ಆ ಒಂದು ಕಲ್ಲಿನಿಂದಲೇ ತಿಳಿದುಬರುತ್ತದೆ.

ಮಧ್ಯಯುಗದ ಯೂರೋಪಿನಲ್ಲಿ ಕುರ್ಚಿ ಮತ್ತೆ ಅಪರೂಪದ ವಸ್ತುವಾಯಿತು. ಶ್ರೀಮಂತರ ಮನೆಯಲ್ಲಿಯೂ ಮನೆಯ ಯಜಮಾನನಿಗೆ ಮಾತ್ರ ತೋಳುಳ್ಳ ಕುರ್ಚಿ. ಉಳಿದವರಿಗೆ ಬೆಂಚು, ಮೋಟು ಪೀಠ, ಇಲ್ಲವೆ ಬಟ್ಟೆಬರೆಗಳನ್ನಿಡುವ ಪೆಟ್ಟಿಗೆಯ ಮುಚ್ಚಳ. ಬಿಷಪ್ಪನ ಪೀಠವಿದ್ದ ಇಗರ್ಜಿಗೆ ಆ ಪೀಠದಿಂದಲೇ ‘ಕೆಥೀಡ್ರಲ್’ ಎಂಬ ಹೆಸರು ಬಂದಿತು. ಇಡೀ ಕಟ್ಟಡಕ್ಕೆ ಒಂದು ಕುರ್ಚಿಯೇ ಹೆಸರು ಕೊಟ್ಟಿತೆಂದರೆ ಅದಕ್ಕಿದ್ದ ಮಹತ್ತ್ವವನ್ನು ಊಹಿಸಿಕೊಳ್ಳಬಹುದು.

ಕುರ್ಚಿಯ ಈ ವೈಭವವು ತನ್ನ ಶಿಖರವನ್ನು ಮುಟ್ಟಿದುದು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಳ್ವಿಕೆಯಲ್ಲಿ. ೧೬೪೩ರಿಂದ ೧೭೧೫ರವರೆಗೆ ಅರಸನಾಗಿದ್ದ ಅವನು ವರ್ಸೇಲ್ಸ್ ಎಂಬಲ್ಲಿ ಬೃಹತ್ತಾದ ಅರಮನೆಯನ್ನು ಕಟ್ಟಿಸಿದನು. ಅದನ್ನು ಅಲಂಕರಿಸುವ ಸಾಮಗ್ರಿಗಳಿಗಾಗಿ ರಾಜ್ಯದ ವತಿಯಿಂದಲೇ ಕಾರ್ಯಾಗಾರಗಳು ನಡೆಯುತ್ತಿದ್ದವು. ಆಂದ್ರೆ ಶಾರ್ಲ್ ಬೂಲ್ ಎಂಬ ಕುಶಲಕರ್ಮಿಯು ಹಿತ್ತಾಳೆಯ ತಗಡನ್ನೂ ಆಮೆಯ ಚಿಪ್ಪನ್ನೂ ಬಳ್ಳಿ ಎಲೆಗಳ ಆಕಾರದಲ್ಲಿ ಕತ್ತರಿಸಿ, ಒಂದರೊಳಗೊಂದನ್ನು ಹೊಂದಿಸಿ, ಬೀರುಗಳ ಮೇಲೆಯೂ ಮೇಜುಗಳ ಮೇಲೆಯೂ ಕೂರಿಸುತ್ತಿದ್ದನು. ಬೀಟೆಮರದ ಹಲಗೆಯನ್ನು ತೋಡಿ ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸುವ ಮೈಸೂರಿನ ಕುಶಲಕಲೆಯನ್ನು ಕಂಡವರಿಗೆ ಈ ಕೆಲಸದ ಸೂಕ್ಷ್ಮತೆ ಸುಲಭವಾಗಿ ಅರ್ಥವಾಗುತ್ತದೆ.

ವರ್ಸೇಲ್ಸಿನಲ್ಲಿ ಕುಳಿತುಕೊಳ್ಳುವುದು ಒಂದು ಶಾಸ್ತ್ರವೇ ಆಗಿದ್ದಿತು. ಅರಸನ ಸಮ್ಮುಖದಲ್ಲಿ ತೋಳುಳ್ಳ ಕುರ್ಚಿಯು ರಾಜದಂಪತಿಗಳಿಗೆ ಮೀಸಲು. ಡ್ಯೂಕ್ ಪದವಿಯವರ ಪತ್ನಿಯರಿಗೆ ‘ತಾಬುರೆ’ ಎಂಬ, ತೋಳಾಗಲಿ ಬೆನ್ನೊರಗಾಗಲಿ ಇಲ್ಲದ ಮೆತ್ತೆಯ ಪೀಠ. ಮಿಕ್ಕವರು ಎಷ್ಟು ಹೊತ್ತಾದರೂ ನಿಂತಿರಬೇಕು. ಒಂದು ಮೋಟು ಪೀಠದ ಹಕ್ಕಿಗಾಗಿ ದೊಡ್ಡ ದೊಡ್ಡ ಮನೆತನಗಳು ಹಂಬಲಿಸುತ್ತಿದ್ದವು, ಪರಸ್ಪರ ಅಸೂಯೆಪಡುತ್ತಿದ್ದವು.

ಆದರೆ ಈ ವೈಭವ ಎಷ್ಟು ಅಸ್ಥಿರವಾದುದೆಂಬುದಕ್ಕೆ ಒಂದು ಘಟನೆ ನಿದರ್ಶನವಾಗಿದೆ. ಅರಮನೆಯ ಮುಖ್ಯ ಕೊಠಡಿಗಳಲ್ಲಿ ಅಪ್ಪಟ ಬೆಳ್ಳಿಯ ಮೇಜುಗಳು, ದೀಪಸ್ತಂಭಗಳು, ಪೀಠಗಳು ಇದ್ದವು. ಯೂರೋಪಿನ ಹಲವು ರಾಜ್ಯಗಳೊಡನೆ ಯುದ್ಧದಲ್ಲಿ ತೊಡಗಿದ್ದ ಲೂಯಿಗೆ ಹಣದ ಮುಗ್ಗಟ್ಟು ಒದಗಿತು. ೧೬೮೯ರಲ್ಲಿ ಅವನು ಆ ಬೆಳ್ಳಿಯ ಸಾಮಗ್ರಿಗಳನ್ನೆಲ್ಲ ಕರಗಿಸಿ ನಾಣ್ಯ ಮಾಡಿಸಲು ಅಪ್ಪಣೆ ಕೊಟ್ಟನು. ವರ್ಷಗಟ್ಟಲೆ ಶ್ರಮಿಸಿ ಕಲಾವಿದರು ರೂಪಿಸಿದ ವಸ್ತುಗಳು ಕೆಲವೇ ತಿಂಗಳುಗಳಲ್ಲಿ ಕುಲುಮೆಯ ಪಾಲಾದವು.

ಮುಂದೆ ಹದಿನೈದನೆಯ ಲೂಯಿಯ ಕಾಲದಲ್ಲಿ ಪೀಠೋಪಕರಣಗಳ ಗಾಂಭೀರ್ಯ ಸಡಿಲಿತು. ಕುರ್ಚಿಯ ಕಾಲುಗಳು ಬಳುಕಿದವು. ಶಂಖ, ಚಿಪ್ಪು, ಹೂಬಳ್ಳಿಗಳ ಅಲಂಕಾರ ತುಂಬಿತು. ಈ ಶೈಲಿಗೆ ‘ರೊಕೊಕೊ’ ಎಂದು ಹೆಸರು. ಅಷ್ಟರಲ್ಲಿ ಇಟಲಿ ದೇಶದಲ್ಲಿ ಭೂಗತವಾಗಿದ್ದ ಹರ್ಕ್ಯುಲೇನಿಯಂ, ಪಾಂಪೆ ನಗರಗಳ ಉತ್ಖನನವು ಕ್ರಮವಾಗಿ ೧೭೩೮ ಮತ್ತು ೧೭೪೮ರಲ್ಲಿ ಆರಂಭವಾಯಿತು. ರೋಮನರ ಮನೆಗಳೂ ಚಿತ್ರಗಳೂ ಕಣ್ಣಿಗೆ ಬಿದ್ದ ಮೇಲೆ ಜನರ ಅಭಿರುಚಿ ಬದಲಾಯಿತು. ಹದಿನಾರನೆಯ ಲೂಯಿಯ ಕಾಲಕ್ಕೆ ಕುರ್ಚಿಯ ಕಾಲುಗಳು ರೋಮನ್ ಕಂಬಗಳಂತೆ ನೇರವಾದವು. ಹೀಗೆ ಒಂದೊಂದು ಶೈಲಿಗೂ ಒಬ್ಬೊಬ್ಬ ಅರಸನ ಹೆಸರು ಬಂದಿತು. ಕೆತ್ತಿದವನ ಬೆವರು, ಹೆಸರು ಮಾತ್ರ ಕುಳಿತವನದು ಎಂಬುದು ಆ ಕಾಲದ ರೀತಿಯಾಗಿದ್ದಿತು.

ಈ ರೀತಿಯನ್ನು ಮುರಿದವನು ಇಂಗ್ಲೆಂಡಿನ ಒಬ್ಬ ಬಡಗಿ. ಥಾಮಸ್ ಚಿಪ್ಪೆಂಡೇಲ್ ೧೭೧೮ರಲ್ಲಿ ಯಾರ್ಕ್‌ಷೈರಿನ ಓಟ್ಲಿ ಎಂಬ ಊರಿನಲ್ಲಿ ಬಡಗಿಯ ಮಗನಾಗಿ ಜನಿಸಿದನು. ಲಂಡನ್ನಿಗೆ ಬಂದು, ಸೇಂಟ್ ಮಾರ್ಟಿನ್ಸ್ ಲೇನ್ ಎಂಬ ಬೀದಿಯಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿದನು. ೧೭೫೪ರಲ್ಲಿ ಅವನು ೧೬೦ ತಾಮ್ರಫಲಕ ಚಿತ್ರಗಳನ್ನುಳ್ಳ ಒಂದು ಗ್ರಂಥವನ್ನು ಪ್ರಕಟಿಸಿದನು. ಕುರ್ಚಿ, ಮೇಜು, ಮಂಚ, ಪುಸ್ತಕದ ಬೀರು ಮೊದಲಾದವುಗಳ ನಕ್ಷೆಗಳು ಅದರಲ್ಲಿದ್ದವು. ಆವರೆಗೆ ಬಡಗಿಯ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಸಾಗುತ್ತಿದ್ದಿತು. ಈಗ ದೂರದ ಊರಿನ ಬಡಗಿಯೂ ಪುಸ್ತಕವನ್ನು ಬಿಡಿಸಿ ಲಂಡನ್ನಿನ ಮಾದರಿಯ ಕುರ್ಚಿಯನ್ನು ಮಾಡಬಹುದಾಯಿತು. ಮರುವರ್ಷ ಅವನ ಕಾರ್ಯಾಗಾರಕ್ಕೆ ಬೆಂಕಿ ಬಿದ್ದು ಇಪ್ಪತ್ತೆರಡು ಮಂದಿ ಕೆಲಸಗಾರರ ಹತ್ಯಾರುಗಳು ಸುಟ್ಟುಹೋದವು. ಆದರೂ ಅವನು ಎದೆಗುಂದಲಿಲ್ಲ. ಇಂದಿಗೂ ಆ ಶೈಲಿಯನ್ನು ಜನ ‘ಚಿಪ್ಪೆಂಡೇಲ್ ಶೈಲಿ’ ಎಂದೇ ಕರೆಯುತ್ತಾರೆ. ಪೀಠೋಪಕರಣದ ಒಂದು ಶೈಲಿಯು ಅರಸನ ಹೆಸರನ್ನು ಬಿಟ್ಟು ಕುಶಲಕರ್ಮಿಯ ಹೆಸರನ್ನು ಪಡೆದುದು ಸಾಮಾನ್ಯ ಸಂಗತಿಯಲ್ಲ.

ಆದರೆ ಈ ಸೊಬಗಿನ ಹಿಂದೆ ಒಂದು ನೋವಿನ ಕಥೆಯೂ ಇದೆ. ಚಿಪ್ಪೆಂಡೇಲ್ ಮತ್ತು ಅವನ ಸಮಕಾಲೀನರಿಗೆ ಪ್ರಿಯವಾದ ಮರ ಮಹಾಗನಿ. ಅದು ಗಟ್ಟಿಯಾದುದು, ನವುರಾದ ಕೆತ್ತನೆಗೆ ಒಗ್ಗುವಂಥದು, ಉಜ್ಜಿದರೆ ಕೆಂಪಾಗಿ ಹೊಳೆಯುವಂಥದು. ೧೭೨೧ರಲ್ಲಿ ಬ್ರಿಟಿಷ್ ಸರ್ಕಾರವು ಅಮೆರಿಕದ ಕಡೆಯ ತನ್ನ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ತೆಗೆದುಹಾಕಿದ ಮೇಲೆ ಜಮೈಕಾ ದ್ವೀಪದಿಂದ ಈ ಮರ ಹೇರಳವಾಗಿ ಬರತೊಡಗಿತು. ಆ ಕಾಡುಗಳಲ್ಲಿ ಮರ ಕಡಿದು ಸಾಗಿಸುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಲಂಡನ್ನಿನ ದಿವಾನಖಾನೆಯಲ್ಲಿ ಹೊಳೆಯುತ್ತಿದ್ದ ಕುರ್ಚಿಗೆ ಮರ ಒದಗಿಸಿದವರಿಗೆ ಕುಳಿತುಕೊಳ್ಳಲು ಬಿಡುವೇ ಇರಲಿಲ್ಲ. ಒಂದು ವಸ್ತುವಿನ ಚೆಲುವನ್ನು ಮೆಚ್ಚುವಾಗ ಅದು ಯಾರ ಶ್ರಮದಿಂದ ಬಂದಿತೆಂಬುದನ್ನು ಮರೆಯಲಾಗದು.

೧೭೮೯ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆಯಿತು. ಸ್ವಾತಂತ್ರ್ಯ, ಸಮಾನತೆ, ಸಹೋದರತೆಗಳ ಘೋಷಣೆ ಎಲ್ಲೆಡೆ ಮೊಳಗಿತು. ಅರಸೊತ್ತಿಗೆ ಕೊನೆಗಂಡಿತು. ೧೭೯೩ರ ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯ ಪೀಠೋಪಕರಣಗಳ ಹರಾಜು ಆರಂಭವಾಗಿ ಸುಮಾರು ಒಂದು ವರ್ಷ ನಡೆಯಿತು. ಯಾವ ಪೀಠಗಳ ಎದುರಿನಲ್ಲಿ ಜನ ತಲೆಬಾಗಿ ನಿಲ್ಲುತ್ತಿದ್ದರೋ ಅವು ಈಗ ಹೆಚ್ಚು ಹಣ ಕೂಗಿದವರ ಪಾಲಾದವು. ಆದರೆ ಇದರಿಂದ ಬಡವನ ಮನೆಗೆ ಕುರ್ಚಿ ಬರಲಿಲ್ಲ. ಅರಸನ ಕುರ್ಚಿ ಧನಿಕನ ಮನೆಗೆ ಹೋಯಿತು, ಅಷ್ಟೆ. ಒಳ್ಳೆಯ ಕುರ್ಚಿ ಎಲ್ಲರಿಗೂ ದೊರೆಯಬೇಕಾದರೆ ಅದನ್ನು ಮಾಡುವ ಕ್ರಮವೇ ಬದಲಾಗಬೇಕಾಗಿದ್ದಿತು.

ಕುರ್ಚಿ ಏತಕ್ಕೆ ದುಬಾರಿಯಾಗಿದ್ದಿತು? ಮರ ನೇರವಾದುದು, ಮನುಷ್ಯನ ಬೆನ್ನು ಬಾಗಿದುದು. ಬೆನ್ನಿಗೆ ಒಪ್ಪುವ ಬಾಗನ್ನು ಪಡೆಯಲು ಬಡಗಿಯು ದಪ್ಪ ಹಲಗೆಯನ್ನು ತೆಗೆದುಕೊಂಡು ಬೇಡವಾದ ಭಾಗವನ್ನೆಲ್ಲ ಕೊರೆದು ಹಾಕಬೇಕಾಗಿದ್ದಿತು. ಮರದ ಬಹುಪಾಲು ಹೊಟ್ಟಾಗಿ, ಚಕ್ಕೆಯಾಗಿ ಹೋಗುತ್ತಿದ್ದಿತು. ಬಾಗಾಗಿ ಕೊರೆದಲ್ಲಿ ಮರದ ಎಳೆಗಳು ತುಂಡಾಗುವುದರಿಂದ ಆ ಭಾಗವು ಬಲಹೀನವೂ ಆಗುತ್ತಿದ್ದಿತು. ಆ ಬಳಿಕ ಒಂದೊಂದು ಸಂದನ್ನೂ ಉಳಿಯಿಂದ ಕೆತ್ತಿ, ಅಂಟು ಹಾಕಿ ಕೂಡಿಸಬೇಕು. ಒಂದು ಕುರ್ಚಿಗೆ ನುರಿತ ಕೈಯ ಹಲವು ದಿನಗಳ ದುಡಿಮೆ ಬೇಕಾಗುತ್ತಿದ್ದಿತು. ಮರವನ್ನು ಬಾಗಾಗಿ ಕೊರೆಯುವ ಬದಲು ಮರವನ್ನೇ ಬಾಗಿಸಿದರೆ ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ತನ್ನ ಬಾಳನ್ನೇ ಸವೆಸಿದವನು ಮಿಖಾಯೆಲ್ ಥೋನೆಟ್.

ಥೋನೆಟ್ ೧೭೯೬ರಲ್ಲಿ ಜರ್ಮನಿಯ ರೈನ್ ನದಿಯ ದಡದಲ್ಲಿರುವ ಬೊಪ್ಪಾರ್ಡ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆ ಚರ್ಮ ಹದಮಾಡುವ ವೃತ್ತಿಯವನು. ಬಡಗಿಯ ಕೆಲಸವನ್ನು ಕಲಿತ ಥೋನೆಟ್ ೧೮೧೯ರಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ೧೮೩೦ರ ಸುಮಾರಿನಲ್ಲಿ ಅವನು ಮರವನ್ನು ಬಾಗಿಸುವ ಪ್ರಯೋಗಗಳನ್ನು ಕೈಗೊಂಡನು. ಮೊದಮೊದಲು ಮರವನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಅವುಗಳ ಕಟ್ಟನ್ನು ಬಿಸಿ ಅಂಟಿನಲ್ಲಿ ಕುದಿಸಿ, ಅಚ್ಚಿಗೆ ಬಿಗಿದು ಒಣಗಿಸುತ್ತಿದ್ದನು. ಹೀಗೆ ಮಾಡಿದ ಕುರ್ಚಿಗಳು ಹಗುರವಾಗಿಯೂ ಚೆಲುವಾಗಿಯೂ ಇದ್ದವು. ಆದರೆ ಪ್ರಯೋಗಗಳಿಗೆ ಹಣ ನೀರಿನಂತೆ ಖರ್ಚಾಗುತ್ತಿದ್ದಿತು. ತನ್ನ ವಿಧಾನಕ್ಕೆ ಪ್ರಷ್ಯಾದಲ್ಲಿ ಪೇಟೆಂಟ್ ಪಡೆಯಲು ಅವನು ಮಾಡಿದ ಪ್ರಯತ್ನ ಫಲಿಸಲಿಲ್ಲ.

೧೮೪೧ರಲ್ಲಿ ಕೋಬ್ಲೆಂಜ್ ನಗರದ ವಸ್ತುಪ್ರದರ್ಶನದಲ್ಲಿ ಥೋನೆಟ್ಟನ ಕುರ್ಚಿಗಳನ್ನು ಆಸ್ಟ್ರಿಯಾದ ಪ್ರಸಿದ್ಧ ರಾಜಕಾರಣಿ ಮೆಟರ್ನಿಕ್ ಕಂಡನು. ಅವುಗಳ ಗುಣವನ್ನು ಮೆಚ್ಚಿ, ವಿಯೆನ್ನಾ ನಗರಕ್ಕೆ ಬರುವಂತೆ ಥೋನೆಟ್ಟನನ್ನು ಆಹ್ವಾನಿಸಿದನು. ೧೮೪೨ರಲ್ಲಿ ವಿಯೆನ್ನಾದಲ್ಲಿ ಅವನಿಗೆ ಬೇಕಾದ ಪೇಟೆಂಟ್ ದೊರೆಯಿತು. ಅದೇ ವೇಳೆಗೆ ಊರಿನಲ್ಲಿ ಸಾಲಗಾರರು ಅವನ ಆಸ್ತಿಯನ್ನು ಜಪ್ತಿ ಮಾಡಿಸಿದರು. ಬೊಪ್ಪಾರ್ಡಿನ ಋಣ ಹರಿಯಿತು. ಐವತ್ತರ ಸಮೀಪಕ್ಕೆ ಬರುತ್ತಿದ್ದ ಅವನು ಹೆಂಡತಿ ಮಕ್ಕಳೊಡನೆ ಪರನಾಡಿನಲ್ಲಿ ಹೊಸದಾಗಿ ಬದುಕನ್ನು ಕಟ್ಟಿಕೊಳ್ಳಬೇಕಾಯಿತು. ಕೆಲಕಾಲ ಇತರರ ಕೆಳಗೆ ದುಡಿದು, ೧೮೪೯ರಲ್ಲಿ ಮತ್ತೆ ಸ್ವಂತ ಕಾರ್ಯಾಗಾರವನ್ನು ತೆರೆದನು. ೧೮೫೧ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಅವನ ಕುರ್ಚಿಗಳಿಗೆ ಕಂಚಿನ ಪದಕ ದೊರೆಯಿತು. ೧೮೫೩ರಲ್ಲಿ ಅವನು ಉದ್ಯಮವನ್ನು ತನ್ನ ಐವರು ಪುತ್ರರ ಹೆಸರಿಗೆ ಮಾಡಿದನು.

ಆಗ ಒಂದು ಹೊಸ ತೊಡಕು ಎದುರಾಯಿತು. ಅಂಟಿನಿಂದ ಕೂಡಿಸಿದ ಕುರ್ಚಿಗಳು ತೇವವಾದ ಹವೆಯಲ್ಲಿ ಬಾಳುತ್ತಿರಲಿಲ್ಲ. ಅಂಟು ಬಿಟ್ಟುಕೊಂಡು ಪಟ್ಟಿಗಳು ಬೇರೆಯಾಗುತ್ತಿದ್ದವು. ಹಡಗಿನಲ್ಲಿ ಸಾಗಿ ಉಷ್ಣದೇಶಗಳಿಗೆ ಹೋಗುವ ಸರಕಿಗೆ ಇದು ದೊಡ್ಡ ದೋಷ. ಆದುದರಿಂದ ಅಂಟಿಲ್ಲದೆ ಇಡೀ ಮರದ ಕೋಲನ್ನೇ ಬಾಗಿಸಬೇಕಾಯಿತು. ಬೀಚ್ ಮರದ ಕೋಲನ್ನು ಹಬೆಯಲ್ಲಿ ಬೇಯಿಸಿದರೆ ಅದು ಮೆತ್ತಗಾಗುತ್ತದೆ. ಆದರೆ ಬಾಗಿಸುವಾಗ ಒಳಬದಿಯ ಎಳೆಗಳು ಒತ್ತಿಕೊಳ್ಳುತ್ತವೆ, ಹೊರಬದಿಯ ಎಳೆಗಳು ಹಿಗ್ಗುತ್ತವೆ. ಮರ ಒತ್ತಡವನ್ನು ತಾಳಿಕೊಳ್ಳುತ್ತದೆ. ಎಳೆತವನ್ನು ಅಷ್ಟಾಗಿ ತಾಳಲಾರದೆ ಹೊರಬದಿಯಲ್ಲಿ ಸಿಡಿದು ಸೀಳುತ್ತದೆ. ಇದಕ್ಕೆ ಥೋನೆಟ್ ಕಂಡುಕೊಂಡ ಉಪಾಯ ಅತ್ಯಂತ ಸರಳವಾದುದು. ಕೋಲಿನ ಹೊರಬದಿಗೆ ಉಕ್ಕಿನ ಪಟ್ಟಿಯೊಂದನ್ನಿಟ್ಟು, ಎರಡು ತುದಿಗಳಲ್ಲಿಯೂ ಭದ್ರವಾಗಿ ಬಿಗಿದು, ಅನಂತರ ಬಾಗಿಸಿದನು. ಉಕ್ಕು ಹಿಗ್ಗುವುದಿಲ್ಲವಾದ್ದರಿಂದ ಹೊರಬದಿಯ ಮರವೂ ಹಿಗ್ಗಲಿಲ್ಲ. ಮರವೆಲ್ಲ ಒಳಮುಖವಾಗಿ ಒತ್ತಿಕೊಂಡಿತು. ಕೋಲು ಸೀಳದೆ ಬಾಗಿತು. ಅದನ್ನು ಕಬ್ಬಿಣದ ಅಚ್ಚಿನಲ್ಲಿ ಹಾಗೆಯೇ ಬಿಗಿದಿಟ್ಟು ಬಿಸಿಯ ಕೋಣೆಯಲ್ಲಿ ಒಣಗಿಸಿದರೆ ಆ ಬಾಗು ಶಾಶ್ವತವಾಗಿ ನಿಲ್ಲುತ್ತಿದ್ದಿತು. ೧೮೫೬ರಲ್ಲಿ ಈ ವಿಧಾನಕ್ಕೆ ಹದಿಮೂರು ವರ್ಷಗಳ ಪೇಟೆಂಟ್ ದೊರೆಯಿತು.

ಬೀಚ್ ಮರದ ಕಾಡುಗಳು ದಟ್ಟವಾಗಿದ್ದ ಮೊರಾವಿಯಾ ಪ್ರಾಂತದ ಕೊರಿಚಾನಿ ಎಂಬ ಊರಿನಲ್ಲಿ ಥೋನೆಟ್ಟರ ಮೊದಲ ದೊಡ್ಡ ಕಾರ್ಖಾನೆ ಸ್ಥಾಪಿತವಾಯಿತು. ಈ ಊರು ಈಗ ಚೆಕ್ ಗಣರಾಜ್ಯದಲ್ಲಿದೆ. ೧೮೫೯ರಲ್ಲಿ ಅವರ ‘ಹದಿನಾಲ್ಕನೆಯ ಸಂಖ್ಯೆಯ ಕುರ್ಚಿ’ ಹೊರಬಂದಿತು. ಈ ಕುರ್ಚಿಗೆ ಅರಸನ ಹೆಸರಿಲ್ಲ, ಬಡಗಿಯ ಹೆಸರೂ ಇಲ್ಲ. ಸಂಖ್ಯೆಯೊಂದೇ ಅದರ ಹೆಸರು. ಹಿಂಗಾಲುಗಳೆರಡೂ ಬೆನ್ನೊರಗೂ ಸೇರಿ ಒಂದೇ ಬಾಗಿದ ಕೋಲು. ಅದರೊಳಗೆ ಇನ್ನೊಂದು ಚಿಕ್ಕ ಬಾಗು. ದುಂಡಾದ ಪೀಠಕ್ಕೆ ಬೆತ್ತದ ಹೆಣಿಗೆ. ಪರಿಷ್ಕಾರಗೊಂಡ ರೂಪದಲ್ಲಿ ಇಡೀ ಕುರ್ಚಿಯಲ್ಲಿದ್ದುದು ಆರು ಮರದ ಭಾಗಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು. ಕೆತ್ತನೆಯ ಸುಳಿವೂ ಇಲ್ಲ. ಮರದ ಬಾಗೇ ಅದರ ಅಲಂಕಾರ. ಭಾಗಗಳನ್ನು ಬಿಚ್ಚಿ ಜೋಡಿಸಿದರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ೩೬ ಕುರ್ಚಿಗಳು ಹಿಡಿಸುತ್ತಿದ್ದವು. ತಲಪಿದ ಊರಿನಲ್ಲಿ ತಿರುಪುಗಳನ್ನು ಬಿಗಿದರೆ ಕುರ್ಚಿ ಸಿದ್ಧ. ಹೀಗಾಗಿ ಸಾಗಾಣಿಕೆಯ ವೆಚ್ಚ ತಗ್ಗಿತು, ಬೆಲೆಯೂ ತಗ್ಗಿತು. ೧೮೬೭ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಥೋನೆಟ್ಟರಿಗೆ ಚಿನ್ನದ ಪದಕ ಬಂದಿತು. ೧೮೭೧ರಲ್ಲಿ ಥೋನೆಟ್ ವಿಯೆನ್ನಾದಲ್ಲಿ ನಿಧನ ಹೊಂದಿದನು. ೧೯೩೦ರ ವೇಳೆಗೆ ಈ ಮಾದರಿಯ ಸುಮಾರು ಐದು ಕೋಟಿ ಕುರ್ಚಿಗಳು ಮಾರಾಟವಾಗಿದ್ದವು.

ಈ ಬೆಳವಣಿಗೆಯಿಂದ ಲಾಭದೊಂದಿಗೆ ನಷ್ಟವೂ ಆಯಿತು. ಕಾರ್ಖಾನೆಯಲ್ಲಿ ಒಬ್ಬನು ಕೋಲನ್ನು ಹಬೆಗೆ ಇಡುತ್ತಿದ್ದನು, ಮತ್ತೊಬ್ಬನು ಬಾಗಿಸುತ್ತಿದ್ದನು. ಬೆತ್ತ ಹೆಣೆಯುವ, ಉಜ್ಜಿ ಹೊಳಪು ಕೊಡುವ ಕೆಲಸ ಹೆಚ್ಚಾಗಿ ಹೆಂಗಸರದು. ಇಡೀ ಕುರ್ಚಿಯನ್ನು ತನ್ನ ಕೈಯಾರೆ ಮಾಡಿದೆನೆಂಬ ಚಿಪ್ಪೆಂಡೇಲನ ಕಾಲದ ಬಡಗಿಯ ಹೆಮ್ಮೆಗೆ ಅಲ್ಲಿ ಎಡೆಯಿರಲಿಲ್ಲ. ಆದರೆ ಆ ಬಡಗಿಯು ತಾನು ಮಾಡಿದ ಕುರ್ಚಿಯನ್ನು ಕೊಳ್ಳಲಾರದವನಾಗಿದ್ದನೆಂಬುದನ್ನೂ ನೆನೆಯಬೇಕು. ಥೋನೆಟ್ಟನ ಕುರ್ಚಿ ಬೀದಿಬದಿಯ ಕಾಫಿಯಂಗಡಿಗಳಿಗೆ ಬಂದಿತು. ಅಲ್ಲಿ ವಿದ್ಯಾರ್ಥಿ, ಗುಮಾಸ್ತ, ಕವಿ, ವ್ಯಾಪಾರಿ ಎಲ್ಲರೂ ಒಂದೇ ಬಗೆಯ ಕುರ್ಚಿಯಲ್ಲಿ ಕುಳಿತರು. ಇಂತಹ ಬಾಗುಮರದ ಕುರ್ಚಿಗಳು ಕಡಲನ್ನು ದಾಟಿ ಭಾರತಕ್ಕೂ ಬಂದವು. ಮುಂಬಯಿಯ ಹಳೆಯ ಇರಾನಿ ಚಹಾದಂಗಡಿಗಳಲ್ಲಿ ಅವು ಇಂದಿಗೂ ಕಾಣಸಿಗುತ್ತವೆ.

ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿಗಳು ಥೋನೆಟ್ಟನ ಹಾದಿಯಲ್ಲಿಯೇ ಮುಂದುವರಿದರು. ೧೯೨೫ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿದ್ದ ಮಾರ್ಸೆಲ್ ಬ್ರೂಯರ್, ಸೈಕಲಿನ ಬಾಗಿದ ಹಿಡಿಯಿಂದ ಸ್ಫೂರ್ತಿ ಪಡೆದು, ಉಕ್ಕಿನ ಕೊಳವೆಯನ್ನು ಬಾಗಿಸಿ ಕುರ್ಚಿ ಮಾಡಿದನು. ೧೯೫೦ರ ದಶಕದಲ್ಲಿ ಚಂಡೀಗಢ ನಗರವನ್ನು ಕಟ್ಟಿದಾಗ ಪಿಯರ್ ಜನ್ನರೆ ಅಲ್ಲಿನ ಕಚೇರಿಗಳಿಗಾಗಿ ತೇಗ ಮತ್ತು ಬೆತ್ತದ ಸರಳ ಕುರ್ಚಿಗಳನ್ನು ರೂಪಿಸಿದನು. ಕಾಲಾನಂತರ ಹಳೆಯದಾಯಿತೆಂದು ಮೂಲೆಗೆ ಹಾಕಿದ ಅವೇ ಕುರ್ಚಿಗಳು ಹೊರದೇಶಗಳ ಹರಾಜಿನಲ್ಲಿ ಅಪಾರ ಬೆಲೆಗೆ ಮಾರಾಟವಾದವು. ಗುಮಾಸ್ತನ ಕುರ್ಚಿಯೇ ಶ್ರೀಮಂತರ ಮನೆಯ ಶೋಭೆಯಾಯಿತು.

ಯಂತ್ರದಿಂದ ಕುರ್ಚಿ ಅಗ್ಗವಾಯಿತು. ಆದರೆ ಕುರ್ಚಿ ಅಗ್ಗವಾದ ಮಾತ್ರಕ್ಕೆ ಎಲ್ಲರಿಗೂ ಕುಳಿತುಕೊಳ್ಳುವ ಹಕ್ಕು ದೊರೆಯಿತೇ? ಇದಕ್ಕೆ ಭಾರತದ ಇತಿಹಾಸವೇ ಉತ್ತರ ಹೇಳುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಪಂಜಾಬ್, ದೆಹಲಿ ಮೊದಲಾದ ಕಡೆ ಆಂಗ್ಲ ಅಧಿಕಾರಿಯನ್ನು ಕಾಣಲು ಹೋದ ಭಾರತೀಯನು ಸಾಮಾನ್ಯವಾಗಿ ನಿಂತೇ ಮಾತನಾಡಬೇಕಾಗಿದ್ದಿತು. ಸರ್ಕಾರದ ಕೃಪೆಗೆ ಪಾತ್ರರಾದ ಕೆಲವರಿಗೆ ಮಾತ್ರ ಕುರ್ಚಿಯಲ್ಲಿ ಕುಳಿತುಕೊಳ್ಳುವ ಮರ್ಯಾದೆ. ಅವರನ್ನು ‘ಕುರ್ಸಿ ನಶೀನ್’ ಎಂದು ಕರೆದು, ಅದಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ವರ್ಸೇಲ್ಸಿನ ಮೋಟು ಪೀಠದ ಕಟ್ಟಳೆ ಇಲ್ಲಿ ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿತು.

ಪರಕೀಯರು ಮಾಡಿದ ಅವಮಾನ ಇದಾದರೆ, ನಮ್ಮವರೇ ನಮ್ಮವರಿಗೆ ಮಾಡಿದ ಅವಮಾನ ಇದಕ್ಕಿಂತ ಘೋರವಾದುದು. ಡಾಕ್ಟರ್ ಭೀಮರಾವ್ ಅಂಬೇಡ್ಕರರು ಬಾಲಕರಾಗಿದ್ದಾಗ ಸಾತಾರಾದ ಶಾಲೆಯಲ್ಲಿ ಓದುತ್ತಿದ್ದರು. ಅಸ್ಪೃಶ್ಯರೆಂದು ಎಣಿಸಲಾಗಿದ್ದ ಜಾತಿಯಲ್ಲಿ ಹುಟ್ಟಿದವರೆಂಬ ಒಂದೇ ಕಾರಣಕ್ಕೆ ಅವರು ಇತರ ಬಾಲಕರೊಡನೆ ಕುಳಿತುಕೊಳ್ಳುವಂತಿರಲಿಲ್ಲ. ಮೂಲೆಯಲ್ಲಿ ಒಂಟಿಯಾಗಿ, ಒಂದು ಗೋಣಿಯ ತುಂಡಿನ ಮೇಲೆ ಕುಳಿತುಕೊಳ್ಳಬೇಕಾಗಿದ್ದಿತು. ಶಾಲೆಯನ್ನು ಗುಡಿಸುವ ಆಳು ಕೂಡ ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಸಂಜೆ ಅದನ್ನು ಸುತ್ತಿ ಮನೆಗೆ ಒಯ್ದು, ಮರುದಿನ ಮತ್ತೆ ಹೊತ್ತು ತರಬೇಕಾಗಿದ್ದಿತು. ಶಾಲೆಯಲ್ಲಿ ಪೀಠದ ಕೊರತೆಯಿಂದ ಬಂದ ಕಷ್ಟ ಇದಲ್ಲ. ಮನಸ್ಸಿನ ಕೊರತೆಯಿಂದ ಬಂದುದು.

ಆ ಬಾಲಕನೇ ಬೆಳೆದು, ಅಪಾರ ವಿದ್ವತ್ತನ್ನು ಗಳಿಸಿ, ೧೯೪೭ರ ಆಗಸ್ಟ್ ೨೯ರಂದು ನೇಮಕವಾದ ಭಾರತ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ಹದಿನೇಳನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಗೋಣಿಯ ತುಂಡಿನಿಂದ ಅಧ್ಯಕ್ಷಪೀಠದವರೆಗಿನ ಆ ದಾರಿಯು ಯಾವ ಅರಸನ ಸಿಂಹಾಸನದ ಕಥೆಗಿಂತಲೂ ಹಿರಿದಾದುದು.

ಕುರ್ಚಿಯ ಐದು ಸಾವಿರ ವರ್ಷಗಳ ಇತಿಹಾಸದಿಂದ 		ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕುಶಲಕರ್ಮಿಯ ಬುದ್ಧಿ ಮತ್ತು ತಾಳ್ಮೆಯಿಂದ ಒಳ್ಳೆಯ ವಸ್ತುವು ಎಲ್ಲರ ಕೈಗೆಟುಕುವಂತೆ ಆಗಬಲ್ಲದು; ಥೋನೆಟ್ಟನ ಬಾಳು ಇದಕ್ಕೆ ಸಾಕ್ಷಿ. ಆದರೆ ಎಲ್ಲರನ್ನೂ ಸಮಾನವಾಗಿ ಕುಳ್ಳಿರಿಸುವ ಕೆಲಸ ಉಕ್ಕಿನ ಪಟ್ಟಿಯಿಂದಾಗಲಿ ಹಬೆಯಿಂದಾಗಲಿ ಆಗುವಂಥದಲ್ಲ. ಅದು ಮನುಷ್ಯರೇ ಮಾಡಬೇಕಾದ ಕೆಲಸ. ಶಾಲೆಯ ಬೆಂಚಿಗೆ ಕೆತ್ತನೆಯಿಲ್ಲ, ಚಿನ್ನದ ತಗಡಿಲ್ಲ, ಸಿಂಹದ ಪಾದಗಳಿಲ್ಲ. ಅದರ ಶೈಲಿಗೆ ಯಾರ ಹೆಸರೂ ಇಲ್ಲ. ಆದರೆ ಅದರ ಮೇಲೆ ಯಾರ ಪಕ್ಕದಲ್ಲಿ ಯಾರಾದರೂ ಕುಳಿತುಕೊಳ್ಳಬಹುದು. ಈ ಹಕ್ಕು ಎಷ್ಟು ತಡವಾಗಿ, ಎಷ್ಟು ಜನರ ಶ್ರಮದಿಂದ ಲಭಿಸಿತೆಂಬುದನ್ನು ಬಲ್ಲವರು ಪಕ್ಕದಲ್ಲಿ ಬಂದು ಕುಳಿತವರಿಗೆ ಸಂತೋಷದಿಂದಲೇ ಜಾಗ ಬಿಟ್ಟುಕೊಡುತ್ತಾರೆ.